ನಾಲ್ಕು ಗಡಿ ಹೇಳುವ ಪೋಸ್ಟ್: ಗಬ್ಬೂರು ಸೀಮೆಯ ಪ್ಲಾಟು, ಹೊಲ ಮಾರಿಸುವವರಿಗೆ ಆನ್‌ಲೈನ್ ದಾರಿ

“ಗಬ್ಬೂರು ಮೇನ್ ರೋಡ್ ಟಚ್. 30×40 ಪ್ಲಾಟ್. ಕ್ಲಿಯರ್ ಟೈಟಲ್. ಅರ್ಜೆಂಟ್ ಸೇಲ್. ಕಾಲ್ ಮಾಡಿ.” ಕೆಳಗೆ ಒಂದು ಫೋನ್ ನಂಬರು. ಮೇಲೆ ಹಸಿರು ಹುಲ್ಲು ಹಾಸಿದ, ಯಾವ ಊರಿನದೋ ಗೊತ್ತಾಗದ ಬಂಗಲೆಯ ಚಿತ್ರ. ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಇರುವವರಿಗೆ ಇಂಥ ಸಂದೇಶ ದಿನಕ್ಕೊಂದಾದರೂ ಬರುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯವರು ಇಂಥದೇ ಒಂದನ್ನು ನಂಬಿ ಬಿಸಿಲಲ್ಲಿ ಹೊರಟಿದ್ದರು. ‘ರೋಡ್ ಟಚ್’ ಎಂದಿದ್ದ ಪ್ಲಾಟು ಡಾಂಬರು ರಸ್ತೆ ಬಿಟ್ಟು, ಎರೆಹೊಲದ ಬದುವಿನ ಮೇಲೆ ಬಹಳ ದೂರ ನಡೆದ ಮೇಲೆ ಸಿಕ್ಕಿತು. ಸಿಕ್ಕಿತು ಅನ್ನುವುದೂ ಪೂರ್ತಿ ಸರಿಯಲ್ಲ. ನಾಲ್ಕು ಕಲ್ಲುಗಳಲ್ಲಿ ಎರಡು ಮಾತ್ರ ಇದ್ದವು. ಮಾರಿಸಲು ಬಂದವರಿಗೂ ಅದರ ಉತ್ತರದ ಗಡಿ ಯಾವುದೆಂದು ಖಚಿತವಿರಲಿಲ್ಲ. ಅವರ ಹೆಸರು ಇಲ್ಲಿ ಬೇಡ. ಅವರು ಕೆಟ್ಟವರಾಗಿರಲಿಲ್ಲ; ಯಾರೋ ಕಳಿಸಿದ್ದನ್ನು ಮುಂದಕ್ಕೆ ಕಳಿಸಿದ್ದರು, ಅಷ್ಟೆ. ಆದರೆ ಆ ದಿನದಿಂದ ಅವರ ನಂಬರಿನಿಂದ ಏನೇ ಬಂದರೂ ನಮ್ಮ ಮನೆಯಲ್ಲಿ ಯಾರೂ ತೆರೆದು ನೋಡಲಿಲ್ಲ.

ಗಬ್ಬೂರಿಗೆ ಹೋದವರು ಅಲ್ಲಿಯ ಹಳೆಯ ಗುಡಿಗಳನ್ನೂ ಶಾಸನಗಳನ್ನೂ ನೋಡಿರುತ್ತೀರಿ. ಕಲ್ಯಾಣ ಚಾಲುಕ್ಯರ ಕಾಲದಿಂದ ಹೆಸರಿರುವ ಊರದು. ನಮ್ಮ ದಾನಶಾಸನಗಳಲ್ಲಿ ಭೂಮಿಯ ಮಾತು ಬಂದಾಗ ಅದು ಎಷ್ಟು ನಿಖರವಾಗಿರುತ್ತದೆ ಎಂಬುದು ನನಗೆ ಯಾವಾಗಲೂ ಬೆರಗು. ಕೊಟ್ಟವರು ಯಾರು, ಪಡೆದವರು ಯಾರು, ಎಷ್ಟು ಮತ್ತರು, ಯಾವ ಕೋಲಿನಿಂದ ಅಳೆದದ್ದು, ಮೂಡಣಕ್ಕೆ ಏನು, ತೆಂಕಣಕ್ಕೆ ಏನು, ಕಲ್ಲು ನೆಟ್ಟದ್ದು ಎಲ್ಲಿ, ದಿನ ಯಾವುದು. ಎಲ್ಲರೂ ಓದಲೆಂದು ಊರ ನಡುವೆ ನಿಲ್ಲಿಸಿದ ಬರಹ ಅದು. ಇವತ್ತು ಪ್ಲಾಟು, ಹೊಲ ಮಾರಿಸುವವರು ಫೇಸ್‌ಬುಕ್ಕಿಗೆ ಹಾಕುವ ಪೋಸ್ಟಿನಲ್ಲಿ ಇರಬೇಕಾದದ್ದೂ ಬಹುಪಾಲು ಇಷ್ಟೇ. ದೂರದಲ್ಲಿ ಕೂತವನು ತಾನೇ ಪರೀಕ್ಷಿಸಿ ನೋಡಬಹುದಾದ ವಿವರ ಕೊಡುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಸಾಮಾಜಿಕ ಜಾಲತಾಣದ ಉಳಿದ ಕೌಶಲಗಳೆಲ್ಲ ಇದರ ಹಿಂದೆ ಬರುತ್ತವೆ.

ನೋಡುವವನು ಎಲ್ಲಿ ಕೂತಿದ್ದಾನೆ?

ದೇವದುರ್ಗ ತಾಲೂಕಿನ ಹಳ್ಳಿಗಳಿಂದ ಗುಳೆ ಹೋಗುವುದು ಇಂದು ನಿನ್ನೆಯದಲ್ಲ. ಬೆಂಗಳೂರಿನ ಕಟ್ಟಡ ಕೆಲಸ, ಹೈದರಾಬಾದು, ಪುಣೆ ಎಂದು ಚದುರಿದ ಕುಟುಂಬಗಳು ವರ್ಷಗಟ್ಟಲೆ ದುಡಿದು ಉಳಿಸಿದ ಹಣವನ್ನು ಹಾಕಲು ಬಯಸುವುದು ಊರ ಹತ್ತಿರದ ಒಂದು ಪ್ಲಾಟಿನ ಮೇಲೆ, ಇಲ್ಲವೇ ಎರಡೆಕರೆ ಹೊಲದ ಮೇಲೆ. ಇವರು ನಿಮ್ಮ ಪೋಸ್ಟನ್ನು ನೋಡುವುದು ರಾತ್ರಿ ಊಟ ಮುಗಿದ ಮೇಲೆ, ಚಿಕ್ಕ ಪರದೆಯ ಮೊಬೈಲಿನಲ್ಲಿ. ನಾಳೆ ಬಂದು ನೋಡಲು ಅವರಿಂದ ಆಗದು. ಬಂದರೆ ಎರಡು ದಿನದ ಕೂಲಿ, ಬಸ್ಸಿನ ಖರ್ಚು ಎರಡೂ ಹೋಗುತ್ತವೆ.

ಎರಡನೆಯವರು ರಾಯಚೂರಿನಲ್ಲಿ ನೌಕರಿಗಿರುವವರು. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ, ಕೃಷಿ ವಿಶ್ವವಿದ್ಯಾಲಯ, ರಿಮ್ಸ್, ಶಾಲೆ, ಬ್ಯಾಂಕು ಹೀಗೆ. ಇವರಿಗೆ ಬ್ಯಾಂಕ್ ಸಾಲ ಬೇಕು, ಹಾಗಾಗಿ ಮೊದಲು ಕಾಗದ ಕೇಳುತ್ತಾರೆ. ಮೂರನೆಯವರು ಗಡಿಯಾಚೆಯವರು, ಗದ್ವಾಲ, ಕರ್ನೂಲು, ಹೈದರಾಬಾದಿನ ಕಡೆಯವರು. ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದಾಗಿದ್ದರಿಂದ ಇಂಥವರ ವಿಚಾರಣೆಗೂ ದಾರಿ ತೆರೆದಿದೆ.

ಮೂವರಿಗೂ ಒಂದೇ ಪೋಸ್ಟ್ ಸಾಲದು. ಗುಳೆ ಹೋದ ತಮ್ಮನಿಗೆ ನಮ್ಮ ಮಾತಿನಲ್ಲೇ, ದನಿ ಕೊಟ್ಟ ವಿಡಿಯೊ ಬೇಕು: “ರಸ್ತಿ ಇಪ್ಪತ್ತಡಿ ಅದ, ಮಳಿಗಾಲದಾಗ ಗಾಡಿ ಒಳಗ ಹೋಗಂಗಿಲ್ಲ, ನೋಡ್ರಿ.” ನೌಕರದಾರನಿಗೆ ಕಾಗದಗಳ ಪಟ್ಟಿ ಬೇಕು. ಹೈದರಾಬಾದಿನವನಿಗೆ ತೆಲುಗಿನಲ್ಲೋ ಉರ್ದುವಿನಲ್ಲೋ ದನಿ ಬೇಕು. ಅಳತೆಯೂ ಅವನ ಲೆಕ್ಕದಲ್ಲೇ ಇರಬೇಕು. ನಾವು ಗುಂಟೆ ಅನ್ನುತ್ತೇವೆ, ಅವನು ಗಜ ಕೇಳುತ್ತಾನೆ, ಆಂಧ್ರದವನು ಸೆಂಟು. ಒಂದು ಗುಂಟೆ 1,089 ಚದರಡಿ, ಅಂದರೆ 121 ಚದರ ಗಜ. ಒಂದು ಸೆಂಟು 435.6 ಚದರಡಿ. 30×40ರ ಪ್ಲಾಟು 1,200 ಚದರಡಿ, ಗಜದಲ್ಲಿ 133 ಚಿಲ್ಲರೆ. ಇದನ್ನು ಪೋಸ್ಟಿನಲ್ಲೇ ಬರೆದರೆ ಅರ್ಧ ಫೋನು ಉಳಿಯುತ್ತದೆ.

ಯಾವ ಗಬ್ಬೂರು?

ಇದು ಸಣ್ಣ ಮಾತೆನಿಸಬಹುದು, ಆದರೆ ಇದರಿಂದ ಕಳೆದುಹೋಗುವ ಗಿರಾಕಿಗಳು ಸಣ್ಣ ಸಂಖ್ಯೆಯವರಲ್ಲ. ಹುಬ್ಬಳ್ಳಿಯ ಅಂಚಿನಲ್ಲೂ ಒಂದು ಗಬ್ಬೂರು ಇದೆ. ಹುಬ್ಬಳ್ಳಿ-ಧಾರವಾಡ ಬೈಪಾಸ್ ಶುರುವಾಗುವುದು ಅಲ್ಲಿಂದಲೇ. “ಗಬ್ಬೂರು ಪ್ಲಾಟ್” ಎಂದು ಹುಡುಕಿದವನಿಗೆ ಅದೂ ಸಿಗುತ್ತದೆ. ಆದ್ದರಿಂದ ಪ್ರತಿ ಪೋಸ್ಟಿನ ತಲೆಯಲ್ಲೂ, ಪ್ರತಿ ವಿಡಿಯೊದ ಹೆಸರಿನಲ್ಲೂ “ಗಬ್ಬೂರು, ದೇವದುರ್ಗ ತಾಲೂಕು, ರಾಯಚೂರು ಜಿಲ್ಲೆ” ಎಂದು ಪೂರ್ತಿ ಬರೆಯಿರಿ. ಕನ್ನಡದ ಜೊತೆ ಇಂಗ್ಲಿಷ್ ಅಕ್ಷರದಲ್ಲೂ ಒಮ್ಮೆ ಬರೆಯಿರಿ, ಏಕೆಂದರೆ ನಮ್ಮ ಹುಡುಗರಲ್ಲಿ ಹಲವರು ಕನ್ನಡದ ಊರ ಹೆಸರನ್ನು ಇಂಗ್ಲಿಷ್ ಕೀಲಿಯಲ್ಲೇ ಹುಡುಕುತ್ತಾರೆ.

ತಾಲೂಕಿನ ಹೆಸರಲ್ಲೂ ಗೊಂದಲವಿದೆ. ಮಾನ್ವಿಯಿಂದ ಸಿರವಾರ, ದೇವದುರ್ಗದಿಂದ ಅರಕೇರಾ ಬೇರೆ ತಾಲೂಕುಗಳಾದ ಮೇಲೆ ಹಳೆಯ ಪತ್ರದಲ್ಲಿ ಒಂದು ತಾಲೂಕು, ಇವತ್ತಿನ ದಾಖಲೆಯಲ್ಲಿ ಇನ್ನೊಂದು ಇರುವ ಹೊಲಗಳಿವೆ. ಅಂಥ ಕಡೆ ಎರಡನ್ನೂ ಬರೆದು ‘ಹಿಂದೆ’, ‘ಈಗ’ ಎಂದು ಹೇಳಿಬಿಡಿ. ದೂರದಲ್ಲಿ ಕೂತವನಿಗೆ ಹೆಸರು ಹೊಂದದಿದ್ದರೆ ಮೊದಲು ಬರುವುದು ಅನುಮಾನ.

ಪೋಸ್ಟಿನ ಒಡಲು

ಒಂದು ಮಾದರಿಯನ್ನೇ ಬರೆದು ತೋರಿಸುತ್ತೇನೆ. ಖಾಲಿ ಜಾಗಗಳನ್ನು ನಿಮ್ಮ ಕಾಗದ ನೋಡಿ ತುಂಬಿಕೊಳ್ಳಿ.

“ಗಬ್ಬೂರು, ದೇವದುರ್ಗ ತಾಲೂಕು, ರಾಯಚೂರು ಜಿಲ್ಲೆ. ಹೊಲ ಮಾರಾಟಕ್ಕಿದೆ. ಸರ್ವೆ ನಂಬರ್ …, ಹಿಸ್ಸಾ …. ಒಟ್ಟು … ಎಕರೆ … ಗುಂಟೆ. ಎರೆ ಭೂಮಿ. ನಾರಾಯಣಪುರ ಬಲದಂಡೆ ಕಾಲುವೆಯ … ವಿತರಣಾ ನಾಲೆ. ಕಾಲುವೆಯ ಕೊನೆಭಾಗ, ಎರಡನೇ ಬೆಳೆಗೆ ನೀರು ಪ್ರತಿ ವರ್ಷ ಸಿಗುವುದಿಲ್ಲ. ಡಾಂಬರು ರಸ್ತೆಯಿಂದ … ಮೀಟರ್ ಒಳಗೆ, ಬಂಡಿದಾರಿ ಇದೆ, ನಕ್ಷೆಯಲ್ಲೂ ಇದೆ. ಪೂರ್ವಕ್ಕೆ …, ಪಶ್ಚಿಮಕ್ಕೆ …, ಉತ್ತರಕ್ಕೆ …, ದಕ್ಷಿಣಕ್ಕೆ …. ಪಹಣಿಯ ಹೆಸರಿನವರೇ ಮಾರುತ್ತಿದ್ದಾರೆ. ಬ್ಯಾಂಕ್ ಬೆಳೆಸಾಲ ಇದೆ, ನೋಂದಣಿಗೆ ಮೊದಲು ತೀರಿಸುತ್ತಾರೆ. ಎಕರೆಗೆ … ರೂಪಾಯಿ, ಕೂತು ಮಾತಾಡಬಹುದು. ನನ್ನ ಕಮಿಷನ್ ಕೊಳ್ಳುವವರಿಂದ … ಶೇಕಡಾ. ಮಾಹಿತಿ ಹಾಕಿದ ದಿನಾಂಕ ….”

ಇದರಲ್ಲಿ ಎರಡು ಮಾತು ಮಾರಾಟಕ್ಕೆ ಅಡ್ಡಿ ಅನ್ನಿಸಬಹುದು: ಕಾಲುವೆಯ ಕೊನೆಭಾಗ, ಮತ್ತು ಬ್ಯಾಂಕ್ ಸಾಲ. ಅವನ್ನು ಬಿಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಕೃಷ್ಣೆಯ ನೀರು ವಾರಾಬಂದಿಯಲ್ಲಿ ಹರಿಯುವ ಸೀಮೆ ಇದು. ಕಾಲುವೆಯ ಮೇಲ್ಭಾಗ ಮತ್ತು ಕೊನೆಭಾಗದ ವ್ಯತ್ಯಾಸ ಇಲ್ಲಿಯ ರೈತನಿಗೆ ನಿದ್ದೆಯಲ್ಲೂ ಗೊತ್ತು. ನೀವು ಹೇಳದಿದ್ದರೂ ಪಕ್ಕದ ಹೊಲದವನು ಹೇಳುತ್ತಾನೆ. ಅವನು ಹೇಳಿದ ಮೇಲೆ ನಿಮ್ಮ ಮಿಕ್ಕ ಹತ್ತು ನಿಜಗಳಿಗೂ ಬೆಲೆ ಇರುವುದಿಲ್ಲ.

ಸರ್ವೆ ನಂಬರ್ ಕೊಟ್ಟರೆ ಗಿರಾಕಿ ನೇರವಾಗಿ ಮಾಲೀಕರ ಬಳಿ ಹೋಗಿಬಿಡುತ್ತಾನೆ, ನಮ್ಮ ಕಮಿಷನ್ ಹೋಗುತ್ತದೆ ಎಂಬ ಹೆದರಿಕೆ ಬಹಳ ಮಂದಿ ಏಜೆಂಟರಿಗಿದೆ. ಹೆದರಿಕೆ ಸುಳ್ಳಲ್ಲ. ಅದಕ್ಕೆ ಮದ್ದು ನಂಬರ್ ಮುಚ್ಚಿಡುವುದರಲ್ಲಿ ಇಲ್ಲ. ಮಾಲೀಕರೊಂದಿಗೆ ಮೊದಲೇ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳುವುದರಲ್ಲಿದೆ. ಇಂತಿಷ್ಟು ತಿಂಗಳು ಈ ಜಮೀನನ್ನು ಮಾರಿಸುವ ಕೆಲಸ ನನ್ನದು, ಈ ಅವಧಿಯಲ್ಲಿ ನನ್ನ ಜಾಹೀರಾತು ನೋಡಿ ಬಂದವರು ಕೊಂಡರೆ ನನ್ನ ಕಮಿಷನ್ ಇಷ್ಟು, ಎಂದು ಒಂದು ಹಾಳೆಯಲ್ಲಿ ಇಬ್ಬರೂ ಸಹಿ ಹಾಕಿ. ಸರ್ವೆ ನಂಬರನ್ನು ಎಲ್ಲರ ಕಣ್ಣಿಗೆ ಹಾಕಲು ಮನಸ್ಸಿಲ್ಲದಿದ್ದರೆ, ವಿಚಾರಿಸಿದವರಿಗೆ ಅವರ ಹೆಸರು, ಊರು ಕೇಳಿಕೊಂಡು ಮೊದಲ ಉತ್ತರದಲ್ಲೇ ಕೊಡಿ. ಮೂರನೇ ಸಲ ಕೇಳಿದಾಗ ಕೊಡುವುದಕ್ಕಿಂತ ಇದು ಎಷ್ಟೋ ಮೇಲು.

ನಂಬರ್ ಸಿಕ್ಕವನು ಏನು ಮಾಡುತ್ತಾನೆ? ಭೂಮಿ ಜಾಲತಾಣದಲ್ಲಿ ರಾಯಚೂರು ಜಿಲ್ಲೆ, ದೇವದುರ್ಗ ತಾಲೂಕು, ಗಬ್ಬೂರು ಹೋಬಳಿ, ಗ್ರಾಮ ಎಂದು ಆರಿಸಿ ಪಹಣಿ ನೋಡುತ್ತಾನೆ. 9ನೇ ಕಲಮಿನಲ್ಲಿ ಮಾಲೀಕರ ಹೆಸರು, 10ರಲ್ಲಿ ಅದು ಅವರಿಗೆ ಬಂದ ಬಗೆ, 11ರಲ್ಲಿ ಸಾಲ ಮತ್ತು ಇತರ ಹಕ್ಕು. ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ತೆಗೆಸುತ್ತಾನೆ. ದಿಶಾಂಕ್ ಆಪ್‌ನಲ್ಲಿ ನಕ್ಷೆಯ ಮೇಲೆ ಸರ್ವೆ ನಂಬರ್ ಎಲ್ಲಿ ಬೀಳುತ್ತದೆಂದು ನೋಡುತ್ತಾನೆ. ಇವೆಲ್ಲವನ್ನೂ ಅವನಿಗಿಂತ ಮೊದಲು ನೀವು ಮಾಡಿರಬೇಕು. ಒಂದು ಎಚ್ಚರಿಕೆ: ದಿಶಾಂಕ್ ತೋರಿಸುವುದು ಜಾಗದ ಅಂದಾಜು. ಗಡಿ ಎಲ್ಲಿ ಎಂಬುದಕ್ಕೆ ಸರ್ವೇಯರ್ ಮಾಡಿದ ಹದ್ದುಬಸ್ತೇ ಆಧಾರ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರುವುದಾದರೆ 11ಇ ನಕ್ಷೆ ಆಗಿದೆಯೋ ಇಲ್ಲವೋ ಎಂಬುದನ್ನೂ ಪೋಸ್ಟಿನಲ್ಲಿ ಹೇಳಿ.

ಪ್ಲಾಟಾದರೆ ಪ್ರಶ್ನೆ ಬೇರೆ. ಎನ್.ಎ. (ಕೃಷಿಯೇತರ ಪರಿವರ್ತನೆ) ಆಗಿದೆಯೇ, ಆದೇಶದ ಸಂಖ್ಯೆ, ದಿನಾಂಕ ಏನು, ಲೇಔಟ್‌ಗೆ ಅನುಮೋದನೆ ಕೊಟ್ಟವರು ಯಾರು, ಪಂಚಾಯಿತಿಯ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಇದೆಯೋ, 11ಬಿ ಇದೆಯೋ? 11ಬಿ ಇದ್ದರೆ ‘ಬಿ’ ಎಂದೇ ಬರೆಯಿರಿ. ಅನುಮೋದನೆ ಇಲ್ಲದೆ ಬೆಳೆದ ಆಸ್ತಿಯನ್ನೂ ಅನುಮೋದಿತ ಆಸ್ತಿಯನ್ನೂ ಬ್ಯಾಂಕಿನವರು ಒಂದೇ ಕಣ್ಣಲ್ಲಿ ನೋಡುವುದಿಲ್ಲ. ‘ಕ್ಲಿಯರ್ ಟೈಟಲ್’ ಎಂಬ ಎರಡು ಪದ ಈ ಯಾವ ಪ್ರಶ್ನೆಗೂ ಉತ್ತರವಲ್ಲ. ಆ ಪದಗಳನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಗುಡಿಗಳ ಊರಾದ್ದರಿಂದ ಇನ್ನೊಂದು ಮಾತು. ಜಾಗ ಹಳೆಯ ದೇವಾಲಯದ ಮಗ್ಗುಲಲ್ಲಿದ್ದರೆ ಅದು ಸಂರಕ್ಷಿತ ಸ್ಮಾರಕವೇ, ಕೇಂದ್ರದ್ದೇ, ರಾಜ್ಯದ್ದೇ ಎಂದು ಪುರಾತತ್ವ ಇಲಾಖೆಯಲ್ಲಿ ಕೇಳಿ ತಿಳಿದುಕೊಂಡೇ ಜಾಹೀರಾತು ಹಾಕಿ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಇಲ್ಲದೆ ಮನೆ ಕಟ್ಟುವಂತಿಲ್ಲ.

ವಿಡಿಯೊ: ರಸ್ತೆಯಿಂದ ಶುರು ಮಾಡಿ

ಹೊಲದ ನಡುವೆ ನಿಂತು ಸುತ್ತ ಮೊಬೈಲ್ ತಿರುಗಿಸಿದರೆ ನೋಡುವವನಿಗೆ ಆಕಾಶ ಮತ್ತು ತೊಗರಿ ಗಿಡ ಬಿಟ್ಟು ಬೇರೇನೂ ತಿಳಿಯದು. ಎಲ್ಲರಿಗೂ ಗೊತ್ತಿರುವ ಜಾಗದಿಂದ ಶುರು ಮಾಡಿ: ಗಬ್ಬೂರಿನ ಬಸ್ ನಿಲ್ಲುವ ಸ್ಥಳ, ಕ್ರಾಸಿನ ಫಲಕ, ಶಾಲೆಯ ಗೇಟು. ಅಲ್ಲಿಂದ ಬೈಕಿನಲ್ಲಿ ಹಿಂದೆ ಕೂತು, ಎಲ್ಲೂ ಕತ್ತರಿಸದೆ, ಜಾಗದವರೆಗೆ ಹೋಗಿ. ಒಂದೂವರೆ ನಿಮಿಷವೋ ಮೂರು ನಿಮಿಷವೋ, ಆಗುವಷ್ಟು ಆಗಲಿ. ‘ರೋಡ್ ಟಚ್’ ಎಂಬ ಮಾತಿಗೆ ಕತ್ತರಿಸದ ಈ ವಿಡಿಯೊಗಿಂತ ದೊಡ್ಡ ಸಾಕ್ಷಿ ಇಲ್ಲ. ಆಮೇಲೆ ಒಂದೊಂದೇ ಗಡಿಕಲ್ಲಿನ ಬಳಿ ನಿಂತು, ಅದರಾಚೆ ಯಾರ ಹೊಲವೋ ರಸ್ತೆಯೋ ಹಳ್ಳವೋ ಹೇಳಿ. ಮಣ್ಣನ್ನು ಕೈಯಲ್ಲಿ ಹಿಡಿದು ತೋರಿಸಿ. ಬೋರು ಇದ್ದರೆ ಚಾಲು ಮಾಡಿ ನೀರು ಬೀಳುವುದನ್ನು ತೋರಿಸಿ, ತಿಂಗಳು ಯಾವುದೆಂದು ಹೇಳಿ. ಜನವರಿಯ ನೀರಿಗೂ ಮೇ ತಿಂಗಳ ನೀರಿಗೂ ವ್ಯತ್ಯಾಸವಿದೆ.

ಎರೆಭೂಮಿಯ ವಿಡಿಯೊಗೆ ಕಾಲ ಮುಖ್ಯ. ಬೇಸಿಗೆಯಲ್ಲಿ ಗಟ್ಟಿ ರಸ್ತೆಯಂತೆ ಕಾಣುವ ದಾರಿ ಎರಡು ಮಳೆಗೆ ಕಾಲು ಹೂಳುವ ಕೆಸರಾಗುತ್ತದೆ. ಸಾಧ್ಯವಿದ್ದರೆ ಮಳೆಗಾಲದ ಒಂದು ತುಣುಕನ್ನೂ ಸೇರಿಸಿ. ಮಧ್ಯಾಹ್ನದ ಬಿಸಿಲಲ್ಲಿ ತೆಗೆದ ಚಿತ್ರ ಬೆಳ್ಳಗೆ ಸುಟ್ಟಂತೆ ಕಾಣುತ್ತದೆ. ಬೆಳಿಗ್ಗೆ ಎಂಟರೊಳಗೆ ಇಲ್ಲವೇ ಸಂಜೆ ಐದರ ಮೇಲೆ ತೆಗೆಯಿರಿ. ರೀಲ್ಸ್, ಶಾರ್ಟ್ಸ್‌ಗೆ ಮೊಬೈಲನ್ನು ನೆಟ್ಟಗೆ ಹಿಡಿಯಿರಿ, ಯೂಟ್ಯೂಬಿನ ಉದ್ದ ವಿಡಿಯೊಗೆ ಅಡ್ಡ ಹಿಡಿಯಿರಿ. ಬಸ್ಸಿನಲ್ಲಿ, ಕೆಲಸದ ಕಡೆ ದನಿ ಇಲ್ಲದೆ ನೋಡುವವರು ಬಹಳ, ಆದ್ದರಿಂದ ಊರು, ಅಳತೆ, ಬೆಲೆ ಮೂರನ್ನೂ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಬರೆಯಿರಿ. ಸಿನಿಮಾ ಹಾಡು ಹಾಕಬೇಡಿ. ಗಾಳಿಯ ಸದ್ದು, ನಿಮ್ಮ ದನಿ ಸಾಕು.

ಡ್ರೋನ್ ಚಿತ್ರಕ್ಕೆ ಬೇಡಿಕೆ ಇದೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಒಳಗಿನ ನ್ಯಾನೊ ಡ್ರೋನ್ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಅದಕ್ಕಿಂತ ದೊಡ್ಡದನ್ನು ವ್ಯಾಪಾರಕ್ಕೆ ಹಾರಿಸುವವರ ಬಳಿ ಪ್ರಮಾಣಪತ್ರ ಇರಬೇಕು. ಎರಡಕ್ಕೂ ಮೊದಲು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗ ಹಸಿರು ವಲಯದಲ್ಲಿದೆಯೇ ನೋಡಿ. ಶಕ್ತಿನಗರದ ವಿದ್ಯುತ್ ಕೇಂದ್ರದ ಕಡೆ, ಯರಮರಸ್ ಕಡೆ ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ.

ವಾಟ್ಸಾಪ್ ಎಂಬ ಅಂಗಡಿ

ವಾಟ್ಸಾಪ್ ಬಿಸಿನೆಸ್ ಆಪ್ ಉಚಿತ. ಮನೆಯ ನಂಬರ್ ಬೇರೆ, ವ್ಯವಹಾರದ ನಂಬರ್ ಬೇರೆ ಇಟ್ಟುಕೊಳ್ಳಿ. ಅದರ ಕ್ಯಾಟಲಾಗ್‌ನಲ್ಲಿ ಪ್ರತಿ ಪ್ಲಾಟು, ಹೊಲವನ್ನು ಚಿತ್ರ, ಬೆಲೆ, ವಿವರದ ಸಮೇತ ಒಂದೊಂದಾಗಿ ಸೇರಿಸಬಹುದು. ಕೇಳಿದವರಿಗೆ ಒಂದೇ ಒತ್ತಿಗೆ ಕಳಿಸಬಹುದು. ದಿನಕ್ಕೆ ಹತ್ತು ಸಲ ಬರುವ ಪ್ರಶ್ನೆಗಳಿಗೆ (ಸಾಲ ಸಿಗುತ್ತದೆಯೇ, ನೋಂದಣಿ ಎಲ್ಲಿ, ಕಾಗದ ಏನೇನಿದೆ) ಉತ್ತರ ಬರೆದಿಟ್ಟು ತ್ವರಿತ ಉತ್ತರವಾಗಿ ಉಳಿಸಿಕೊಳ್ಳಿ. ವಿಚಾರಿಸಿದವರಿಗೆ ಲೇಬಲ್ ಹಚ್ಚಿ: ‘ಹೊಲ ಬೇಕು’, ‘ಪ್ಲಾಟು, ಸಾಲದ ಮೇಲೆ’, ‘ದೀಪಾವಳಿಗೆ ಊರಿಗೆ ಬರುತ್ತಾರೆ’. ಈ ಕೊನೆಯ ಲೇಬಲ್ ನಮ್ಮ ಕಡೆ ಬಹಳ ಕೆಲಸಕ್ಕೆ ಬರುತ್ತದೆ. ಗುಳೆ ಹೋದವರು ಹಬ್ಬಕ್ಕೆ, ಜಾತ್ರೆಗೆ ಬಂದೇ ಬರುತ್ತಾರೆ. ಬರುವುದಕ್ಕೆ ವಾರ ಮೊದಲು ಒಂದು ಮಾತು ಕೇಳಿದರೆ ನೋಡುವ ದಿನ ಗೊತ್ತಾಗುತ್ತದೆ.

ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಹಾಗಾಗಿ ಮೊದಲ ಸಂಭಾಷಣೆಯಲ್ಲೇ “ನಂಬರ್ ಸೇವ್ ಮಾಡ್ಕೋರಿ ಅಣ್ಣ” ಎಂದು ಕೇಳಿ. ಒಪ್ಪಿಗೆ ಇಲ್ಲದವರನ್ನು ಗುಂಪಿಗೆ ಎಳೆದು ಹಾಕಬೇಡಿ. ಊರ ಜಾತ್ರೆಯ ಗುಂಪಿನಲ್ಲಿ, ಶಾಲೆಯ ಹಳೆ ವಿದ್ಯಾರ್ಥಿಗಳ ಗುಂಪಿನಲ್ಲಿ ದಿನಾ ಪ್ಲಾಟು ಹಾಕುವವರನ್ನು ಜನ ಸದ್ದಿಲ್ಲದೆ ಬ್ಲಾಕ್ ಮಾಡುತ್ತಾರೆ. ವಾರಕ್ಕೊಂದು ಸಂದೇಶ, ಅದೂ ಹೊಸ ವಿಷಯ ಇದ್ದಾಗ, ಸಾಕು. ಸ್ಟೇಟಸ್ 24 ಗಂಟೆಯಲ್ಲಿ ಮಾಯವಾಗುವುದರಿಂದ ಅಲ್ಲಿ ದಿನದಿನದ ಕೆಲಸ ಹಾಕಿ: ಇವತ್ತು ಸರ್ವೇಯರ್ ಬಂದಿದ್ದರು, ಕಲ್ಲು ನೆಟ್ಟರು. ಶಾಶ್ವತವಾಗಿ ಹುಡುಕಿ ಸಿಗಬೇಕಾದದ್ದು ಯೂಟ್ಯೂಬಿನಲ್ಲಿರಲಿ.

ಗೂಗಲ್ ನಕ್ಷೆಯಲ್ಲಿ ನಿಮ್ಮ ಕಚೇರಿಯ ಪ್ರೊಫೈಲ್ ಮಾಡಿಸಿಕೊಳ್ಳಿ. ಗೂಗಲ್ ಸಾಮಾನ್ಯವಾಗಿ ವಿಡಿಯೊ ಕೇಳಿ ಪರಿಶೀಲಿಸುತ್ತದೆ, ಫಲಕ ಹಾಕಿದ ಒಂದು ಕೋಣೆಯಾದರೂ ಇರಲಿ. ಮಾರಾಟಕ್ಕಿರುವ ಪ್ಲಾಟಿಗೇ ಒಂದು ಪ್ರೊಫೈಲ್ ಮಾಡುವುದು ಗೂಗಲ್ ನಿಯಮಕ್ಕೆ ವಿರುದ್ಧ. ಫೇಸ್‌ಬುಕ್ಕಿನಲ್ಲಿ ಹಣ ಕೊಟ್ಟು ಹಾಕುವ ಜಾಹೀರಾತಿಗೆ ಬಂದರೆ, ವಾಟ್ಸಾಪ್‌ಗೆ ನೇರ ಕರೆತರುವ ಬಗೆಯನ್ನು ಆರಿಸಿ, ಬೆಂಗಳೂರು, ಹೈದರಾಬಾದು, ರಾಯಚೂರು ಎಂದು ಊರುಗಳನ್ನು ಬೇರೆ ಬೇರೆ ಜಾಹೀರಾತಾಗಿ ಹಾಕಿ. ದಿನಕ್ಕೆ ಇನ್ನೂರು ರೂಪಾಯಿಯಂತೆ ಐದು ದಿನ ನೋಡಿ. ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಬೀಳುತ್ತದೆಂಬ ಲೆಕ್ಕ ಇರಲಿ. ಲೈಕ್ ಎಷ್ಟು ಬಂತೆಂದು ನೋಡಬೇಡಿ. ಎಷ್ಟು ಮಂದಿ ಕಾಗದ ಕೇಳಿದರು, ಎಷ್ಟು ಮಂದಿ ಜಾಗಕ್ಕೆ ಬಂದರು, ಯಾವ ಊರಿನ ಜಾಹೀರಾತು ನೋಡಿ ಬಂದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ರೇರಾ: ಹಳ್ಳಿಗೆ ಬರೋದಿಲ್ಲ ಅನ್ನಬೇಡಿ

ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆ, ಅಂದರೆ ರೇರಾ, 2016ರದು. ಕರ್ನಾಟಕದ ನಿಯಮಗಳು 2017ರ ಜುಲೈನಲ್ಲಿ ಬಂದವು. ಯೋಜನಾ ಪ್ರದೇಶದಲ್ಲಿ 500 ಚದರ ಮೀಟರ್ ಮೀರಿದ ಲೇಔಟ್‌ ರೇರಾದಲ್ಲಿ ನೋಂದಣಿ ಆಗದೆ ಅದರ ಜಾಹೀರಾತು ಹಾಕುವಂತಿಲ್ಲ, ಬುಕಿಂಗ್ ತೆಗೆದುಕೊಳ್ಳುವಂತಿಲ್ಲ. 500 ಚದರ ಮೀಟರ್ ಅಂದರೆ ನಮ್ಮ ಲೆಕ್ಕದಲ್ಲಿ ಐದು ಗುಂಟೆಗೂ ತುಸು ಕಡಿಮೆ. ಅರ್ಧ ಎಕರೆಯಲ್ಲಿ ಪ್ಲಾಟು ಮಾಡಿದರೂ ಅದರೊಳಗೆ ಬರುತ್ತದೆ. ಊರು ಯೋಜನಾ ಪ್ರದೇಶದ ಹೊರಗಿದ್ದರೂ, ಸ್ಥಳೀಯ ಸಂಸ್ಥೆಯ ಅನುಮತಿ ಪಡೆದ ಲೇಔಟನ್ನು ನೋಂದಾಯಿಸು ಎಂದು ಕೊಳ್ಳುವವರ ಹಿತಕ್ಕಾಗಿ ಪ್ರಾಧಿಕಾರ ಆದೇಶಿಸಬಹುದು. ಬರೀ ಹೊಲದ ವ್ಯವಹಾರ ಇದರ ಹೊರಗೆ ಉಳಿಯುತ್ತದೆ.

ವಾಟ್ಸಾಪ್ ಫಾರ್ವರ್ಡ್ ಜಾಹೀರಾತಲ್ಲ ಎಂದು ತಿಳಿಯಬೇಡಿ. ಕಾಯ್ದೆಯಲ್ಲಿ ಜಾಹೀರಾತು ಎಂಬುದಕ್ಕೆ ಇರುವ ಅರ್ಥ ವಿಶಾಲ. ಯಾವ ಮಾಧ್ಯಮದಲ್ಲಿ ಹರಡಿದ್ದೂ ಅದರೊಳಗೆ ಬರುತ್ತದೆ. ಲೇಔಟ್ ಮಾರಿಸುವ ಏಜೆಂಟನೂ ನೋಂದಣಿ ಮಾಡಿಸಬೇಕು. ಕರ್ನಾಟಕದಲ್ಲಿ ಒಬ್ಬ ವ್ಯಕ್ತಿಗೆ ಶುಲ್ಕ 25,000 ರೂಪಾಯಿ, ಅವಧಿ ಐದು ವರ್ಷ. ತಪ್ಪಿದರೆ ದಿನಕ್ಕೆ 10,000 ರೂಪಾಯಿಯಂತೆ, ಮಾರಿಸಿದ ಆಸ್ತಿಯ ಬೆಲೆಯ ಶೇಕಡಾ 5ರವರೆಗೆ ದಂಡ ಏರಬಹುದು. ನಂಬರ್ ಓದಲು ಕಲಿಯಿರಿ. ಯೋಜನೆಯ ನೋಂದಣಿ ಸಂಖ್ಯೆಯ ನಡುವೆ ‘ಪಿಆರ್’ ಎಂದೂ ಏಜೆಂಟರದ್ದರಲ್ಲಿ ‘ಎಜಿ’ ಎಂದೂ ಇರುತ್ತದೆ. ‘ಎಸಿಕೆ’ ಎಂದು ಶುರುವಾದರೆ ಅದು ಅರ್ಜಿ ಹಾಕಿದ್ದಕ್ಕೆ ಸ್ವೀಕೃತಿ ಮಾತ್ರ. ಅದನ್ನು ‘ರೇರಾ ಅಪ್ರೂವ್ಡ್’ ಎಂದು ಬರೆದರೆ ಸುಳ್ಳು ಹೇಳಿದಂತೆ. ಲೇಔಟ್ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ, ರೇರಾ ಜಾಲತಾಣದ ವಿಳಾಸ ಎರಡೂ ಕಾಣುವಂತಿರಲಿ.

ಬರಲಿರುವುದನ್ನು ಬಂದಂತೆ ಹೇಳಬೇಡಿ

ನಮ್ಮ ಜಿಲ್ಲೆಯ ಪೋಸ್ಟುಗಳಲ್ಲಿ ನನಗೆ ಹೆಚ್ಚು ನೋವು ಕೊಡುವುದು ಇದು. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಧರಣಿ ಶುರುವಾಯಿತು. ಜನ ಮಳೆ ಬಿಸಿಲೆನ್ನದೆ ಕೂತರು. ಆ ಬೇಡಿಕೆಯನ್ನೇ ‘ಏಮ್ಸ್ ಹತ್ತಿರ’ ಎಂದು ಬರೆದು ಪ್ಲಾಟು ಮಾರುವುದು ಅಲ್ಲಿ ಕೂತವರಿಗೂ ಮೋಸ, ಕೊಳ್ಳುವವರಿಗೂ ಮೋಸ. ಯರಮರಸ್‌ನ ವಿಮಾನ ನಿಲ್ದಾಣ, ಜಿಲ್ಲೆಯನ್ನು ಹಾದುಹೋಗುವ ಅಕ್ಕಲಕೋಟ-ಕರ್ನೂಲು ಹೆದ್ದಾರಿ, ಇವುಗಳ ಹೆಸರುಗಳೂ ಹಾಗೆಯೇ ಬಳಕೆಯಾಗುತ್ತವೆ. ಹೆಸರು ಹೇಳಲೇಬೇಕೆಂದರೆ ಮೂರು ಮಾತುಗಳಲ್ಲಿ ಒಂದನ್ನು ಜೊತೆಗಿಡಿ: ‘ಇದೆ’, ‘ಕಾಮಗಾರಿ ನಡೆದಿದೆ’, ‘ಬೇಡಿಕೆ ಇದೆ’. ದೂರವನ್ನು ಕಿಲೋಮೀಟರಿನಲ್ಲಿ ಬರೆಯಿರಿ, ನಿಮಿಷದಲ್ಲಿ ಬೇಡ.

ಹೆದ್ದಾರಿಯ ಹತ್ತಿರದ ಹೊಲ ಮಾರಿಸುವವರು ಇನ್ನೊಂದು ನೋಡಬೇಕು. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ ಭೂಸ್ವಾಧೀನಕ್ಕೆ ಮೊದಲು 3ಎ ಅಧಿಸೂಚನೆ, ಆಮೇಲೆ 3ಡಿ ಘೋಷಣೆ ಗೆಜೆಟ್‌ನಲ್ಲಿ ಬರುತ್ತವೆ, ಸರ್ವೆ ನಂಬರ್ ಸಮೇತ. ನೀವು ‘ಹೈವೇ ಟಚ್’ ಎಂದು ಮಾರುವ ಹೊಲ ಆ ಪಟ್ಟಿಯಲ್ಲೇ ಇದ್ದರೆ, ಕೊಂಡವನ ಕೈಗೆ ಹೊಲ ಉಳಿಯುವುದಿಲ್ಲ.

ಮಂಜೂರಾದ ಜಮೀನಿನ ಮಾತು ಇನ್ನೂ ಗಂಭೀರ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಮುಂಚಿತ ಅನುಮತಿ ಇಲ್ಲದೆ ಮಾರುವಂತಿಲ್ಲ. ಅಂಥ ಭೂಮಿಯನ್ನು ಮರಳಿ ಕೇಳಲು ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಹೇಳುತ್ತದೆ, ಹಾಗಾಗಿ ಬಹಳ ವರ್ಷ ಆಯಿತು ಎಂಬ ಮಾತನ್ನು ನಂಬಿ ಕೂರಬೇಡಿ. ಪಹಣಿಯ 10ನೇ ಕಲಮಿನಲ್ಲಿ ‘ಮಂಜೂರು’ ಎಂದು ಕಂಡರೆ ಪೋಸ್ಟ್ ಹಾಕುವ ಕೈ ಅಲ್ಲೇ ನಿಲ್ಲಬೇಕು. ಮೊದಲು ವಕೀಲರು, ತಹಶೀಲ್ದಾರ್ ಕಚೇರಿ.

ಅಕ್ಕ-ತಂಗಿಯರಿಗೆ ಗೊತ್ತೇ?

ಒಬ್ಬ ಅಣ್ಣ ಬಂದು ಹೊಲ ಮಾರಿಸು ಎನ್ನುತ್ತಾನೆ. ನೀವು ಸಂಜೆಗೇ ಫೇಸ್‌ಬುಕ್ಕಿಗೆ ಹಾಕುತ್ತೀರಿ. ಗಂಡನ ಮನೆಯಲ್ಲಿರುವ ತಂಗಿಗೆ ತನ್ನ ತವರಿನ ಹೊಲ ಮಾರಾಟಕ್ಕಿದೆ ಎಂಬುದು ಆ ಪೋಸ್ಟಿನಿಂದಲೇ ತಿಳಿಯುತ್ತದೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದು 2005ರ ತಿದ್ದುಪಡಿ ಹೇಳಿತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಕಾನೂನಿನ ಮಾತು ಹಾಗಿರಲಿ, ಒಂದು ಮನೆಯ ಮಂದಿಯ ನಡುವೆ ಮೊಬೈಲಿನ ಮೂಲಕ ಬೆಂಕಿ ಹಚ್ಚಿದ ಹೊಣೆ ನಿಮ್ಮ ಮೇಲೆ ಬರಬಾರದು. ವಂಶವೃಕ್ಷ ನೋಡಿ. ಪಾಲುದಾರರೆಲ್ಲರಿಗೂ ಒಮ್ಮೆ ಫೋನ್ ಮಾಡಿ. ಎಲ್ಲರೂ ಹೂಂ ಎಂದ ಮೇಲೆ ಪೋಸ್ಟ್ ಹಾಕಿ.

ಕಾಗದಗಳನ್ನು ಹಾಗೆಯೇ ಚಿತ್ರ ತೆಗೆದು ಹಾಕುವುದೂ ತಪ್ಪು. ಕ್ರಯಪತ್ರದಲ್ಲಿ ಆಧಾರ್ ಸಂಖ್ಯೆ, ಹೆಬ್ಬೆಟ್ಟಿನ ಗುರುತು, ಫೋಟೊ, ವಿಳಾಸ ಎಲ್ಲ ಇರುತ್ತವೆ. ಅವನ್ನು ಮರೆಮಾಡಿದ ಪ್ರತಿಯನ್ನು, ಅದೂ ಖಚಿತವಾಗಿ ಕೊಳ್ಳಲು ಬಂದವರಿಗೆ ಮಾತ್ರ ತೋರಿಸಿ.

ಹಣದ ವಿಷಯದಲ್ಲಿ ಪೋಸ್ಟಿನಲ್ಲೇ ಒಂದು ಸಾಲು ಬರೆದುಬಿಡಿ: ಜಾಗ ನೋಡದೆ ಮುಂಗಡ ಬೇಡ, ಮುಂಗಡ ನನ್ನ ಖಾತೆಗಲ್ಲ, ಮಾಲೀಕರ ಖಾತೆಗೆ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ತಡೆಯುತ್ತದೆ. ರೇರಾ ಯೋಜನೆಗಳಲ್ಲಿ ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಇತ್ತೀಚೆಗೆ ಏಜೆಂಟರ ಫೋಟೊ, ಹೆಸರು ಕದ್ದು ‘ಟೋಕನ್ ಹಾಕಿ’ ಎಂದು ಕೇಳುವ ಮೋಸಗಾರರೂ ಹುಟ್ಟಿಕೊಂಡಿದ್ದಾರೆ. ಈ ಒಂದು ಸಾಲು ನಿಮ್ಮ ಗಿರಾಕಿಯನ್ನೂ ನಿಮ್ಮನ್ನೂ ಕಾಯುತ್ತದೆ.

ಮಾರಾಟ ಆದ ದಿನವೇ ಎಲ್ಲ ಕಡೆಯ ಪೋಸ್ಟಿಗೂ ಹೋಗಿ ‘ಮಾರಾಟವಾಗಿದೆ’ ಎಂದು ತಿದ್ದಿ. ಮಾರಿಹೋದ ಪ್ಲಾಟನ್ನು ಗಿರಾಕಿ ಸೆಳೆಯಲೆಂದು ವರ್ಷಗಟ್ಟಲೆ ಇಟ್ಟುಕೊಳ್ಳುವ ರೂಢಿ ಬಿಡಬೇಕು. ಬೆಂಗಳೂರಿನಿಂದ ಅದಕ್ಕಾಗಿ ಫೋನ್ ಮಾಡುವವನ ಸಮಯಕ್ಕೂ ಬೆಲೆಯಿದೆ. ಕೊಂಡವರ ಒಪ್ಪಿಗೆ ಇದ್ದರೆ ಅವರ ಮಾತಿನಲ್ಲೇ ಒಂದು ಸಣ್ಣ ವಿಡಿಯೊ ಕೇಳಿ, ಗೂಗಲ್‌ನಲ್ಲಿ ನಾಲ್ಕು ಸಾಲು ಬರೆಯಲು ಹೇಳಿ. ಕಮಿಷನ್ ಕೈಗೆ ಬಂದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಪಹಣಿಯಲ್ಲಿ ಹೊಸ ಹೆಸರು ಬಂತೇ ಎಂದು ನೀವೇ ನೋಡಿ ಅವರಿಗೆ ತಿಳಿಸಿ. ಮೊದಲ ಮಳೆ ಬಿದ್ದ ವಾರ ಆ ಕಡೆ ಹೋದಾಗ ಜಾಗದಲ್ಲಿ ಇಳಿದು, ನಾಲ್ಕು ಗಡಿಕಲ್ಲುಗಳ ಫೋಟೊ ತೆಗೆದು, ಪೂರ್ವದಿಂದ ಶುರು ಮಾಡಿ ಒಂದೊಂದಾಗಿ ಅವರಿಗೆ ಕಳಿಸಿ.